ಊಟದ ನಂತರ ಎರಡೆರಡು

ಜೂನ್ 4, ಮಂಗಳವಾರ

ಇವತ್ತೂ ಅದೇ ಫೋನುಗಳ ಕಾಟ. ಆ ಪತ್ರಿಕೆಯವನು ಬರೆದು ವಾರ ಕಳೆಯಿತು, ಇನ್ನೂ ನಿಂತಿಲ್ಲ. ‘ಅಡುಗೆಮನೆಯ ಡಬ್ಬಿಯಲ್ಲೇ ಕ್ಯಾನ್ಸರಿಗೆ ಮದ್ದು!’ ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗೆ ಸಿಕ್ಕಿಬಿದ್ದ ಕಳ್ಳನ ಹಾಗೆ ಕಾಣುವ ನನ್ನದೊಂದು ಫೋಟೊ. ನಾನು ಅವನಿಗೆ ಹೇಳಿದ್ದು ಎರಡೇ ಮಾತು. ಕಾಳುಮೆಣಸಿನಿಂದ ಬೇರ್ಪಡಿಸಿದ ಖಾರದ ಸತ್ವವನ್ನು ನಮ್ಮ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದರೆ ಬಹಳಷ್ಟು ಸಾಯುತ್ತವೆ. ಸೋಪಿನ ನೀರು ಹಾಕಿದರೂ ಸಾಯುತ್ತವೆ. ಎರಡನೆಯದನ್ನು ಅವನು ಬರೆದುಕೊಳ್ಳಲಿಲ್ಲ.

ಮಧ್ಯಾಹ್ನ ಒಬ್ಬರು ವಯಸ್ಸಾದವರು ಫೋನ್ ಮಾಡಿದ್ದರು. ಹೆಂಡತಿಗೆ ಕಾಯಿಲೆಯಂತೆ. ಬೆಳಿಗ್ಗೆ ಎಷ್ಟು ಕಾಳು, ಸಂಜೆ ಎಷ್ಟು ಕಾಳು ಎಂದು ಕೇಳಿದರು. ‘ತಟ್ಟೆ ಬೇರೆ, ಮೈ ಬೇರೆ ಯಜಮಾನರೇ. ನಿಮ್ಮ ಡಾಕ್ಟ್ರು ಹೇಳಿದ್ದಷ್ಟೇ ಮಾಡಿ’ ಎಂದೆ. ಅವರು, ‘ನಿಮ್ಮ ಮನೆಯವರಿಗೇ ಆಗಿದ್ರೆ ಏನು ಕೊಡ್ತಿದ್ರಿ?’ ಎಂದರು. ‘ಇದನ್ನಂತೂ ಕೊಡ್ತಿರಲಿಲ್ಲ’ ಎಂದು ಫೋನಿಟ್ಟೆ.

ಪಕ್ಕದ ಮೇಜಿನ ತಕ್ಕಡಿ ನನ್ನ ಕಡೆ ನೋಡಿದಳು. ಅವಳಿಗೆ ಆ ಹೆಸರು ಇಟ್ಟವನು ನಾನೇ. ಉಪ್ಪನ್ನೂ ಎರಡು ಸಲ ತೂಗದೆ ಬಿಡುವವಳಲ್ಲ. ಹನ್ನೊಂದು ವರ್ಷದಿಂದ ಒಂದೇ ಲ್ಯಾಬಿನಲ್ಲಿ ಇಬ್ಬರೂ ಇದೇ ಮೆಣಸನ್ನು ಅರೆಯುತ್ತಿದ್ದೇವೆ.

‘ಸ್ವಲ್ಪ ಮೆತ್ತಗೆ ಹೇಳಬಾರದಿತ್ತಾ?’

‘ಮೆತ್ತಗೆ ಹೇಳಿದ್ರೆ ನಂಬಿಬಿಡ್ತಾರೆ.’

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ಇರಬಹುದು. ಹುಲ್ಲುಕಡ್ಡಿ ಮಾರುವ ಅಂಗಡಿ ನಾನು ಇಟ್ಟಿಲ್ಲ.

ಜೂನ್ 12, ಬುಧವಾರ

ಅಕ್ಕ ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ. ಅವಳ ಹೊಲಿಗೆ ಅಂಗಡಿಯಲ್ಲಿ ಹಗಲು ಉಸಿರಾಡಲು ಪುರಸೊತ್ತಿರುವುದಿಲ್ಲ. ಇವತ್ತು ಮಾಡಿದಳು.

‘ಏನೋ ಪಂಡಿತ, ಮನುಷ್ಯರ ಕುತ್ತಿಗೆ ಎರಡೂ ಕಡೆ ಒಂದೇ ಥರ ಇರಬೇಕು ತಾನೇ?’

ಯಾರಿಗೋ ಶರ್ಟಿನ ಕಾಲರ್ ಹೇಗೆ ಕೂರುತ್ತದೆಂದು ತೋರಿಸಲು ತನ್ನ ಕುತ್ತಿಗೆಗೇ ಟೇಪು ಸುತ್ತಿಕೊಂಡಿದ್ದಾಳೆ. ಎಡಗಡೆ, ಭುಜದ ಮೂಳೆಯ ಮೇಲೆ, ಟೇಪು ಮಟ್ಟಸವಾಗಿ ಕೂರಲಿಲ್ಲವಂತೆ. ಸಂಜೆ ಹೋಗಿ ಮುಟ್ಟಿ ನೋಡಿದೆ. ಕಲ್ಲಿನಂಥ ಗಂಟು. ನೋವಿಲ್ಲ ಅಂದಳು. ನೋವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಎದುರಿಗೆ, ‘ಏನೋ ಸೋಂಕಿರಬೇಕು, ತೋರಿಸೋಣ’ ಎಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಜೂನ್ 21, ಶುಕ್ರವಾರ

ಸ್ತನದಲ್ಲಿ ಹುಟ್ಟಿ ಕುತ್ತಿಗೆಯವರೆಗೆ ಬಂದಿದೆ. ಲಿವರಿನ ಪಕ್ಕದಲ್ಲೂ ಒಂದು ಚುಕ್ಕೆ ಇದೆಯಂತೆ.

ಡಾಕ್ಟರು ನೇರ ಮಾತಿನ ಹೆಂಗಸು, ನನಗೆ ಇಷ್ಟವಾದರು. ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಔಷಧಿ ಏರಿಸುತ್ತಾರೆ. ‘ಈ ಔಷಧಿಗೆ ಬಗ್ಗಿದರೆ ಒಳ್ಳೆಯ ವರ್ಷಗಳು ಸಿಗಬಹುದು. ಬಗ್ಗದಿದ್ದರೆ ಇದರಷ್ಟು ಚೆನ್ನಾಗಿರೋದು ನನ್ನ ಹತ್ತಿರ ಇನ್ನೊಂದಿಲ್ಲ’ ಎಂದರು. ಮತ್ತೆ, ‘ಬೇರೆ ಏನೇ ತಗೊಂಡ್ರೂ, ಕೆಮ್ಮಿನ ಸಿರಪ್ಪೇ ಆಗಲಿ, ನನಗೆ ಮೊದಲು ಹೇಳಬೇಕು.’ ನಾನು ಅವರಿಗಿಂತ ಜೋರಾಗಿ ತಲೆಯಾಡಿಸಿದೆ. ಈ ಮಾತನ್ನು ಎಲ್ಲ ಆಸ್ಪತ್ರೆಯ ಗೋಡೆಗೂ ಬರೆಸಬೇಕು.

ಭಾವ ಅಲ್ಲಿ ಏನೂ ಕೇಳಲಿಲ್ಲ. ಶಾಲಾ ಬಸ್ಸಿನ ಡ್ರೈವರ್ ಅವರು. ಐವತ್ತು ಮಕ್ಕಳ ಗಲಾಟೆಯ ನಡುವೆ ಬಾಯಿ ಬಿಡದೆ ಇರುವುದನ್ನು ಕಲಿತವರು. ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು, ‘ನೀನು ಓದಿದವನು ಇದ್ದೀಯಲ್ಲಪ್ಪ, ನಂಗೆ ಅದೇ ಧೈರ್ಯ’ ಎಂದರು.

ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಅವಳು ಶಾಲೆ ಬಿಟ್ಟು ಹೊಲಿಗೆಗೆ ಕೂತದ್ದರಿಂದ ನಾನು ಓದಿದವನಾದೆ. ಇದನ್ನು ಭಾವನಿಗೆ ನೆನಪು ಮಾಡಲು ಹೋಗಲಿಲ್ಲ.

ಜುಲೈ 2, ಮಂಗಳವಾರ

ಮೊದಲ ಸಲ ಏರಿಸಿದರು. ಬೆಳಿಗ್ಗೆ ನಗುನಗುತ್ತ ಹೋದವಳು ಸಂಜೆ ಬಚ್ಚಲಿನ ನೆಲದ ಮೇಲೆ ಕೂತಿದ್ದಳು. ನಾನು ಬಕೆಟ್ ಹಿಡಿದೆ, ಭಾವ ಬೆನ್ನು ಸವರಿದರು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಭಾವ ಮೆಲ್ಲಗೆ ಶುರು ಮಾಡಿದರು.

‘ಅಲ್ಲ, ಪೇಪರಿನಲ್ಲಿ ನಿನ್ನ ಫೋಟೊ ಬಂದಿತ್ತಲ್ಲ…’

‘ಅದು ತಟ್ಟೆಯಲ್ಲಿ ಭಾವ. ಮೈಯಲ್ಲಲ್ಲ.’

ಅಕ್ಕ ಗೋಡೆಗೆ ಒರಗಿಕೊಂಡೇ ನಕ್ಕಳು. ‘ಊರಿಗೆಲ್ಲ ಮದ್ದು ಹುಡುಕ್ತಾನಂತೆ, ಒಡಹುಟ್ಟಿದವಳಿಗೆ ಬಂದ್ರೆ ಕೈ ಜಾಡಿಸ್ತಾನಂತೆ. ಒಂದು ಚಿಟಿಕೆ ಕೊಟ್ರೆ ನಿಮ್ಮ ಲ್ಯಾಬ್ ಬಡವಾಗುತ್ತೇನೋ?’

ತಮಾಷೆಗೇ ಅಂದದ್ದು. ಆದರೆ ಕಣ್ಣು ತಮಾಷೆಯಲ್ಲಿರಲಿಲ್ಲ.

ಜುಲೈ 6, ಶನಿವಾರ

ಸಂಶೋಧನೆಯ ಹಣಕ್ಕಾಗಿ ಪ್ರತಿ ವರ್ಷ ಬರೆಯುವ ಅರ್ಜಿಯನ್ನು ಮತ್ತೆ ಬರೆಯಲು ಕೂತೆ. ಮೊದಲ ಪುಟದಲ್ಲಿ ಅದೇ ಹಳೆಯ ವಾಕ್ಯವಿದೆ: ಮೆಣಸಿನ ಸತ್ವವು ಲಿವರಿನ ಕೆಲಸವನ್ನು ನಿಧಾನಗೊಳಿಸುವುದರಿಂದ, ಜೊತೆಗೆ ಕೊಟ್ಟ ಔಷಧಿಗಳು ರಕ್ತದಲ್ಲಿ ಹೆಚ್ಚು ಹೊತ್ತು, ಹೆಚ್ಚು ಪ್ರಮಾಣದಲ್ಲಿ ಉಳಿಯುತ್ತವೆ. ಪ್ರತಿ ವರ್ಷವೂ ಕಣ್ಣು ಮುಚ್ಚಿಕೊಂಡು ನಕಲು ಮಾಡುವ ವಾಕ್ಯ. ನಿಜವೂ ಹೌದು.

ಇವತ್ತು ಅದನ್ನು ಓದಿ ಕೈ ನಿಂತಿತು. ಸತ್ವ ತಾನೇ ಗಂಟನ್ನು ಕರಗಿಸದಿದ್ದರೆ ಬೇಡ. ಆಸ್ಪತ್ರೆಯ ಔಷಧಿಯನ್ನು ಇನ್ನಷ್ಟು ಹೊತ್ತು ಒಳಗೆ ಹಿಡಿದಿಟ್ಟರೆ ಸಾಕಲ್ಲ? ಒಂದು ಇನ್ನೊಂದಕ್ಕೆ ಹೆಗಲು ಕೊಟ್ಟಂತೆ. ಇದು ಪತ್ರಿಕೆಯವನ ಮದ್ದಲ್ಲ, ಮುದುಕರ ಹುಲ್ಲುಕಡ್ಡಿಯೂ ಅಲ್ಲ. ಇದಕ್ಕೆ ಲೆಕ್ಕವಿದೆ.

ಸುಮ್ಮನೆ ಬರೆದಿಟ್ಟಿದ್ದೇನೆ. ಮಾಡುವುದಿಲ್ಲ.

ಜುಲೈ 9, ಮಂಗಳವಾರ

ಕೊಟ್ಟೆ.

ಅಕ್ಕನ ಕೂದಲು ದಿಂಬಿನ ಮೇಲೆ ಕಂತೆಕಂತೆಯಾಗಿ ಬಿದ್ದಿತ್ತು. ಅದನ್ನು ಅವಳು ಅಂಗಡಿಯ ಚಿಂದಿ ಬಟ್ಟೆಯಂತೆ ಕೈಯಲ್ಲಿ ಒಟ್ಟು ಮಾಡುತ್ತಿದ್ದಳು. ಆ ಕ್ಷಣದಲ್ಲಿ ಯಾರೇ ಆದರೂ ಕೊಡುತ್ತಿದ್ದರು.

ಲ್ಯಾಬಿನ ಬಾಟಲಿಯಿಂದ ತಂದ ಮೆಣಸಿನ ಸತ್ವದ ಹಳದಿ ಪುಡಿ. ಅಂಗಡಿಯಲ್ಲಿ ಸಿಗುವುದನ್ನು ನಂಬುವ ಹಾಗಿಲ್ಲ, ನಮ್ಮದು ಶುದ್ಧ, ನಾನೇ ಪರೀಕ್ಷಿಸಿದ್ದು. ಖಾಲಿ ಕ್ಯಾಪ್ಸೂಲುಗಳಲ್ಲಿ ತೂಗಿ ತುಂಬಿದೆ. ಮಧ್ಯಾಹ್ನ ಒಂದು, ರಾತ್ರಿ ಒಂದು, ಊಟದ ನಂತರ. ಭಾವ ಡಬ್ಬಿಯನ್ನು ಎರಡು ಕೈಯಲ್ಲಿ ಇಸಿದುಕೊಂಡರು.

‘ಇದು ಲ್ಯಾಬಿನ ಸ್ವತ್ತು. ಆಸ್ಪತ್ರೆಯಲ್ಲಿ ಬಾಯಿ ಬಿಟ್ರೆ ನನ್ನ ಕೆಲಸ ಹೋಗುತ್ತೆ’ ಎಂದೆ.

‘ಹೋಗೋ, ನಾವೇನು ಡಂಗುರ ಸಾರ್ತೀವಾ?’ ಅಂದಳು ಅಕ್ಕ. ನುಂಗಿ, ತೇಗಿ, ‘ಅಯ್ಯೋ, ಇಷ್ಟು ಓದಿ ಕೊನೆಗೆ ನಂಗೆ ಮೆಣಸು ತಿನ್ನಿಸಿದೆಯಲ್ಲೋ’ ಎಂದು ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕೆವು.

ಜುಲೈ 23, ಮಂಗಳವಾರ

ಎರಡನೆಯ ಸಲ. ಮೊದಲಿಗಿಂತ ಸುಸ್ತು ಹೆಚ್ಚು. ಔಷಧಿ ಗಟ್ಟಿಯಾಗಿ ಹಿಡಿದಿದೆ ಅಂತ ಅರ್ಥ.

ಜುಲೈ 27, ಶನಿವಾರ

ಗಂಟು ಚಿಕ್ಕದಾಗಿದೆ! ನನ್ನ ಭ್ರಮೆಯಲ್ಲ. ಅಕ್ಕನೇ ಟೇಪು ತಂದು, ‘ಅಳೆಯೋ’ ಎಂದು ಕುತ್ತಿಗೆ ಚಾಚಿದಳು. ಟೇಪು ಹೆಚ್ಚುಕಡಿಮೆ ಮಟ್ಟಸವಾಗಿ ಕೂತಿತು. ಭಾವ ಬಸ್ಸಿನ ಕೀಲಿಯನ್ನು ಮೇಜಿನ ಮೇಲೆ ಎಸೆದು ಅಡುಗೆಮನೆಗೆ ಹೋಗಿ ಅಲ್ಲೇ ನಿಂತುಬಿಟ್ಟರು. ಅಳುತ್ತಿದ್ದರು ಅನಿಸುತ್ತದೆ. ನಾನು ಹೋಗಲಿಲ್ಲ.

ಆಸ್ಪತ್ರೆಯ ಔಷಧಿಯಿಂದಲೇ ಆಗಿರಬಹುದು ಎಂದು ಯಾರಾದರೂ ಹೇಳಬಹುದು. ಹೇಳಲಿ. ಒಂದೇ ಔಷಧಿಗೆ ಇಷ್ಟು ಬೇಗ ಬಗ್ಗಿದ್ದನ್ನು ನಾನು ಕಂಡಿಲ್ಲ. ನಾನು ಕಂಡಿರುವ ರೋಗಿ ಇವಳೊಬ್ಬಳೇ ಅನ್ನುವುದೂ ನಿಜ.

ಲ್ಯಾಬಿಗೆ ಬಂದ ಫೋನ್ ಒಂದನ್ನು ಇವತ್ತು ಸ್ವಲ್ಪ ಸಮಾಧಾನದಿಂದ ಮಾತಾಡಿ ಇಟ್ಟೆ. ಯಾರೋ ಹುಡುಗಿ, ತಂದೆಗಾಗಿ ಕೇಳಿದಳು. ‘ಸ್ವಲ್ಪ ಕೊಟ್ಟರೆ ತೊಂದರೆ ಏನಿಲ್ಲ’ ಎಂದೆ. ತಕ್ಕಡಿ ತಲೆಯೆತ್ತಿ ನೋಡಿದಳು.

ಆಗಸ್ಟ್ 5, ಸೋಮವಾರ

ತಕ್ಕಡಿ ನನ್ನನ್ನು ಸೂಕ್ಷ್ಮದರ್ಶಕದ ಹತ್ತಿರ ಕರೆದಳು. ಎರಡು ತಟ್ಟೆ ಇಟ್ಟಿದ್ದಳು. ಒಂದರಲ್ಲಿ ಕ್ಯಾನ್ಸರ್ ಕೋಶ, ಇನ್ನೊಂದರಲ್ಲಿ ಆರೋಗ್ಯವಂತ ಕೋಶ. ಎರಡಕ್ಕೂ ಸಮನಾಗಿ ಸತ್ವ ಹಾಕಿದ್ದಾಳೆ. ಎರಡೂ ಕಡೆ ಉದುರಿದ ಸುಣ್ಣದ ಹಾಗೆ ಸತ್ತ ಕೋಶಗಳು ತೇಲುತ್ತಿದ್ದವು.

‘ನೋಡು. ಇದು ಆರಿಸಿ ಕೊಲ್ಲೋದಿಲ್ಲ. ಎದುರಿಗೆ ಸಿಕ್ಕಿದ್ದನ್ನೆಲ್ಲ ಕೊಲ್ಲುತ್ತೆ.’

‘ಆ ಕೋಶಗಳು ಹಳೆಯವು. ಮೊದಲೇ ಸೊರಗಿದ್ವು.’

‘ಮೊನ್ನೆ ತಾನೇ ಬಂದಿದ್ದು. ನಾನೇ ಬೆಳೆಸಿದ್ದು.’

‘ಹಾಗಾದ್ರೆ ನಿನ್ನ ಕೈಯಲ್ಲಿ ಏನೋ ತಪ್ಪಾಗಿದೆ. ಮತ್ತೆ ಮಾಡು.’

ಅವಳ ಕೈಯಲ್ಲಿ ತಪ್ಪು! ಹನ್ನೊಂದು ವರ್ಷದಲ್ಲಿ ನಾನು ಈ ಮಾತು ಆಡಿರಲಿಲ್ಲ. ಅವಳಿಗೆ ಕೋಪ ಬರಲಿಲ್ಲ, ಅದೇ ಕಿರಿಕಿರಿಯಾಯಿತು. ‘ಮನೆಯಲ್ಲಿ ಅಕ್ಕ ಹೇಗಿದಾರೆ?’ ಎಂದಳು. ‘ತುಂಬಾ ಚೆನ್ನಾಗಿದಾಳೆ’ ಎಂದೆ. ‘ಬಾಟಲಿ ಬೇಗ ಬೇಗ ಖಾಲಿಯಾಗ್ತಿದೆಯಲ್ಲ’ ಎಂದಳು ಆಮೇಲೆ, ಬಾಟಲಿಯ ಕಡೆ ನೋಡದೆ. ಅರ್ಜಿಗೆ ಹೊಸ ಪ್ರಯೋಗ ಮಾಡ್ತಿದೀನಿ ಅಂದೆ.

ಆ ತಟ್ಟೆಯ ಫಲಿತಾಂಶವನ್ನು ಅರ್ಜಿಯಲ್ಲಿ ಸೇರಿಸುವುದಿಲ್ಲ. ಕೆಟ್ಟ ಕೋಶಗಳ ಮೇಲೆ ಮಾಡಿದ್ದನ್ನು ಸೇರಿಸುವುದು ವಿಜ್ಞಾನಕ್ಕೆ ಅನ್ಯಾಯ.

ಆಗಸ್ಟ್ 13, ಮಂಗಳವಾರ

ಮೂರನೆಯ ಸಲ. ರಕ್ತದ ವರದಿ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. ಬಿಳಿ ಕಣಗಳು ಇಷ್ಟು ಇಳಿಯಬಾರದಿತ್ತಂತೆ, ಲಿವರೂ ಮುನಿಸಿಕೊಂಡಿದೆಯಂತೆ. ಔಷಧಿಯ ಪ್ರಮಾಣ ಕಾಲು ಭಾಗ ಕಡಿಮೆ ಮಾಡಿ ಏರಿಸಿದರು.

ಅಕ್ಕನ ಬಾಯಿ ತುಂಬ ಹುಣ್ಣು. ಸೂಪು ಕುಡಿಯುವಾಗ ಕಣ್ಣಲ್ಲಿ ನೀರು ಬರುತ್ತದೆ. ಬೆರಳ ತುದಿ ಜೋಮು ಹಿಡಿದು ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ‘ನಾನು ಪೋಣಿಸಿಕೊಡ್ಲಾ?’ ಎಂದು ಭಾವ ಕೇಳಿದ್ದಕ್ಕೆ, ‘ನೀವು ಬಸ್ಸು ಓಡಿಸಿ ಸಾಕು, ಸೂಜಿ ಕಣ್ಣಲ್ಲಿ ಬಸ್ಸು ಹೋಗಲ್ಲ’ ಎಂದಳು. ಬಾಯಿಗೆ ಮಾತ್ರ ಹುಣ್ಣು, ನಾಲಿಗೆ ಚುರುಕೇ ಇದೆ.

ಡಾಕ್ಟರು ಕಡಿಮೆ ಮಾಡಿದ್ದು ನನಗೆ ಸರಿ ಕಾಣಲಿಲ್ಲ. ಈಗ ತಾನೇ ಗಂಟು ಇಳಿಯುತ್ತಿದೆ, ಈಗಲೇ ಕೈ ಹಿಂದೆ ತೆಗೆದರೆ? ಅವರು ಬಿಟ್ಟ ಕಾಲು ಭಾಗವನ್ನು ನಾನು ತುಂಬಬೇಕು. ಊಟದ ನಂತರ ಒಂದೊಂದರ ಬದಲು ಎರಡೆರಡು ಕೊಡಿ ಎಂದು ಭಾವನಿಗೆ ಹೇಳಿ ಬಂದೆ.

ಆಗಸ್ಟ್ 20, ಮಂಗಳವಾರ

ಮೈ ಕೆಂಡದಂಥ ಜ್ವರ. ಭಾವ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಅದೇ ಖಾಲಿ ಬಸ್ಸಿನಲ್ಲಿ ಅವಳನ್ನು ಆಸ್ಪತ್ರೆಗೆ ತಂದರು. ಹಿಂದಿನ ಉದ್ದ ಸೀಟಿನಲ್ಲಿ, ಯಾರದೋ ಮರೆತುಹೋದ ನೀರಿನ ಬಾಟಲಿಯ ಪಕ್ಕ ಮಲಗಿದ್ದಳು. ಬಿಳಿ ಕಣಗಳು ಇಲ್ಲವೆನ್ನುವಷ್ಟು ಇಳಿದಿವೆ. ಸೋಂಕು ತಗಲಬಾರದೆಂದು, ಅವಳ ಹತ್ತಿರ ಹೋಗುವ ನಮಗೆ ಮುಖಕ್ಕೆ, ಕೈಗೆ, ಕಾಲಿಗೆ ಎಲ್ಲಕ್ಕೂ ಹೊದಿಕೆ.

ದೇವರೇ, ಅವಳನ್ನು ಉಳಿಸು. ಇನ್ನೇನು ಬರೆಯಲಿ.

ಆಗಸ್ಟ್ 22, ಗುರುವಾರ

ಜ್ವರ ಇಳಿದಿದೆ. ಉಳಿದಳು.

ಡಾಕ್ಟರು ಬಂದು ಮಂಚದ ಪಕ್ಕ ಕೂತರು. ಭಾವ ಬಸ್ಸಿನ ಕೆಲಸದ ಮೇಲಿದ್ದರು. ನಾನು, ಅಕ್ಕ ಇಬ್ಬರೇ. ‘ಪ್ರಮಾಣ ಕಡಿಮೆ ಮಾಡಿದ ಮೇಲೂ ಹೀಗಾಗಿದೆ. ಕೊಟ್ಟಿದ್ದಕ್ಕಿಂತ ಜಾಸ್ತಿ ಕೊಟ್ಟ ಹಾಗಿದೆ ವರದಿ. ಬೇರೆ ಏನಾದ್ರೂ ತಗೋತಿದೀರಾ? ಮಾತ್ರೆ, ಕಷಾಯ, ಪುಡಿ, ಏನೇ ಆಗಲಿ?’

ಕೊಟ್ಟಿದ್ದಕ್ಕಿಂತ ಜಾಸ್ತಿ ಕೊಟ್ಟ ಹಾಗಿದೆ. ಅರ್ಜಿಯ ಮೊದಲ ಪುಟದ ವಾಕ್ಯ ನೆನಪಾಯಿತು. ಬಾಯಿ ತೆರೆಯುವುದರೊಳಗೆ ಅಕ್ಕ ಹೇಳಿಬಿಟ್ಟಳು.

‘ಇಲ್ಲ ಡಾಕ್ಟ್ರೇ. ಊಟಾನೇ ಇಳಿಯಲ್ಲ, ಇನ್ನೇನು ತಗೊಳ್ಳಲಿ?’

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಅಕ್ಕನ ಹೊದಿಕೆಯ ಅಂಚನ್ನು ಸರಿ ಮಾಡುತ್ತಿದ್ದೆ.

‘ಹಾಗಾದ್ರೆ ಇವರ ಮೈ ಈ ಔಷಧಿ ತಡ್ಕೊಳ್ಳೋದಿಲ್ಲ. ಗಂಟೇನೋ ಚೆನ್ನಾಗಿ ಇಳೀತಿತ್ತು. ಆದ್ರೆ ಇನ್ನೊಂದು ಸಲ ಏರಿಸಿದ್ರೆ ಔಷಧಿನೇ ಕೊಂದುಬಿಡುತ್ತೆ. ನಿಲ್ಲಿಸ್ತೀನಿ.’

ಅವರು ಹೋದ ಮೇಲೆ ಅಕ್ಕ ಕಣ್ಣು ಮುಚ್ಚಿಕೊಂಡಳು. ಭಾವನಿಗೆ ಫೋನಿನಲ್ಲಿ, ‘ಆ ಔಷಧಿ ನಿಲ್ಲಿಸಿದ್ರು’ ಎಂದಷ್ಟೇ ಹೇಳಿದೆ.

ಆಗಸ್ಟ್ 23, ಶುಕ್ರವಾರ

ಹೇಳಬೇಕು. ಆದರೆ ಏನೆಂದು ಹೇಳಲಿ? ನನ್ನ ಕ್ಯಾಪ್ಸೂಲಿನಿಂದಲೇ ಹೀಗಾಯಿತು ಎನ್ನಲು ಆಧಾರವೆಲ್ಲಿ? ಒಬ್ಬಳೇ ರೋಗಿ. ಹೋಲಿಸಿ ನೋಡಲು ಇನ್ನೊಬ್ಬರಿಲ್ಲ. ಕ್ಯಾಪ್ಸೂಲ್ ಇಲ್ಲದೆಯೂ ಎಷ್ಟೋ ಜನರ ರಕ್ತ ಹೀಗೆ ಇಳಿಯುತ್ತದೆ, ಪುಸ್ತಕದಲ್ಲೇ ಇದೆ. ಆಧಾರವಿಲ್ಲದ ಮಾತನ್ನು ತಜ್ಞರ ಮುಂದೆ ಇಡುವುದು ಹೊಣೆಗೇಡಿತನ. ಅವರನ್ನು ದಾರಿ ತಪ್ಪಿಸಿದಂತಾಗುತ್ತದೆ.

ಇಷ್ಟು ವರ್ಷ ಎಲ್ಲರಿಗೂ ನಾನು ಹೇಳಿಕೊಂಡು ಬಂದದ್ದು ಇದನ್ನೇ ಅಲ್ಲವೇ, ಆಧಾರ ಮೊದಲು, ಮಾತು ಆಮೇಲೆ.

ಆಗಸ್ಟ್ 24, ಶನಿವಾರ

ಒಂದು ದಾರಿ ಹೊಳೆಯಿತು. ಮೊನ್ನೆಯಿಂದ ನಾನು ಹೊಸ ಕ್ಯಾಪ್ಸೂಲ್ ತಂದುಕೊಟ್ಟಿಲ್ಲ. ಆಸ್ಪತ್ರೆಯ ಊಟ, ಆಸ್ಪತ್ರೆಯ ಮದ್ದು. ಅಂದರೆ ಅದು ನಿಂತ ಹಾಗೆಯೇ. ಈಗ ಬಿಳಿ ಕಣ ಬೇಗ ಏರಿದರೆ ಕಾರಣ ನನ್ನದೇ ಎಂದಾಗುತ್ತದೆ, ಆಗ ಹೇಳುತ್ತೇನೆ. ಏರದಿದ್ದರೆ ಅಲ್ಲ. ಒಂದೆರಡು ದಿನ ಕಾದರೆ ಏನಂತೆ.

ತಕ್ಕಡಿ ಫೋನ್ ಮಾಡಿದ್ದಳು. ಎತ್ತಲಿಲ್ಲ.

ಆಗಸ್ಟ್ 25, ಭಾನುವಾರ

ಏರಿಲ್ಲ. ಹಾಗಾದರೆ ನನ್ನದಲ್ಲ!

ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಉಂಡು ಕೈ ತೊಳೆಯುವಾಗ, ಅಕ್ಕನ ರಕ್ತ ಏರದಿದ್ದಕ್ಕೆ ನಾನು ಊಟ ಮಾಡಿದೆನಲ್ಲ ಅನಿಸಿತು. ಅದನ್ನು ಹೆಚ್ಚು ಯೋಚಿಸಬಾರದು. ನಿದ್ದೆ ಕೆಟ್ಟರೆ ಹೀಗೆಲ್ಲ ಅನಿಸುತ್ತದೆ.

ಆಗಸ್ಟ್ 26, ಸೋಮವಾರ

ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಭಾವ ಹೊರಗಿನ ಬೆಂಚಿನ ಮೇಲೆ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನರ್ಸುಗಳನ್ನು ಕಾಡಿ ಬೇಡಿ ಮನೆಯ ಸೂಪು ಕೊಡಲು ಒಪ್ಪಿಸಿದ್ದಾರಂತೆ. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು.

‘ಬಾ. ನಿನ್ನ ಹತ್ತಿರ ಕೇಳಬೇಕಿತ್ತು. ಆ ಡಬ್ಬಿ ಮುಗೀತಾ ಬಂತು.’

‘ಯಾವ ಡಬ್ಬಿ?’

‘ನಿನ್ನ ಮಾತ್ರೇದು. ಡಾಕ್ಟ್ರು ಔಷಧಿ ನಿಲ್ಲಿಸಿದ್ರು ಅಂದ್ಯಲ್ಲ, ಅವತ್ತಿನಿಂದ ನಾಲ್ಕು ನಾಲ್ಕು ಕೊಡ್ತಿದೀನಿ. ಬಿಚ್ಚಿ ಸೂಪಿಗೆ ಬೆರೆಸಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ. ಇನ್ನು ಅವಳಿಗೆ ಉಳಿದಿರೋದು ಅದೊಂದೇ ತಾನೇ? ಆರು ಮಾಡ್ಲಾ? ನೀನು ಹೇಳಿದ ಹಾಗೆ ಮಾಡ್ತೀನಪ್ಪ.’

ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಬಾಯಿ ಹುಣ್ಣಾದವಳಿಗೆ ಖಾರದ ಪುಡಿ ಬೆರೆಸಿದ ಸೂಪು. ಅವಳು ಉರಿ ಉರಿ ಎಂದು ಅಳುತ್ತ ಕುಡಿಯುತ್ತಾಳಂತೆ, ಇವರು ಚಮಚೆ ಹಿಡಿದು, ‘ನಿನ್ನ ತಮ್ಮ ಕೊಟ್ಟಿದ್ದು, ಕುಡಿ ಕುಡಿ’ ಅನ್ನುತ್ತಾರಂತೆ. ಕ್ಯಾಪ್ಸೂಲ್ ನಿಂತಿದೆ ಎಂದುಕೊಂಡು ನಾನು ಪರೀಕ್ಷೆ ಮಾಡಿದ್ದೆ, ಅದು ನಿಂತೇ ಇರಲಿಲ್ಲ.

ನಾನು ಊಟದ ಡಬ್ಬಿಯನ್ನು ಅವರ ತೊಡೆಯ ಮೇಲಿಂದ ಕಸಿದುಕೊಂಡೆ. ಎಲ್ಲವನ್ನೂ ಹೇಳಿದೆ. ಲಿವರು, ರಕ್ತದಲ್ಲಿ ಉಳಿದ ಔಷಧಿ, ಡಾಕ್ಟರು ಕಾಲು ಭಾಗ ಇಳಿಸಿದಾಗ ನಾನು ಎರಡೆರಡು ಮಾಡಿದ್ದು, ಗುರುವಾರ ಅವರು ಕೇಳಿದ್ದು, ನಾನು ಹೊದಿಕೆ ಸರಿ ಮಾಡಿದ್ದು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದೂ ಆಸೆಯಿತ್ತು.

ಭಾವ ಹೊಡೆಯಲಿಲ್ಲ. ಕೇಳಿದ್ದು ಒಂದೇ.

‘ಅಂದ್ರೆ… ಆ ಔಷಧಿ ಅವಳಿಗೆ ಆಗಿಬರ್ತಿತ್ತಾ? ಅವಳ ಮೈ ಬೇಡ ಅಂದಿದ್ದಲ್ಲ ತಾನೇ?’

‘ಇರಬಹುದು ಭಾವ.’

‘ಹಾಗಾದ್ರೆ ಮತ್ತೆ ಕೊಡಬಹುದು!’ ಎದ್ದು ನಿಂತುಬಿಟ್ಟರು. ನನ್ನ ಭುಜ ಹಿಡಿದು ಅಲುಗಾಡಿಸಿದರು. ಅವರ ಮುಖ ಅರಳಿತ್ತು, ನನಗೆ ನೋಡಲಾಗಲಿಲ್ಲ. ‘ಏಳು, ಏಳಪ್ಪ, ಡಾಕ್ಟ್ರು ಹೊರಟುಬಿಡ್ತಾರೆ.’ ನನ್ನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದರು.

ಡಾಕ್ಟರು ಪೂರ್ತಿ ಕೇಳಿದರು, ಪೆನ್ನು ಕೆಳಗಿಟ್ಟು. ‘ಬೇರೆಯವರು ಬಂದು ಹೀಗೆ ಹೇಳಿದ್ರೆ ಗೊತ್ತಿಲ್ಲದೆ ಮಾಡಿದ್ರು ಅಂತೀನಿ. ನಿಮ್ಮ ಕೆಲಸವೇ ಇದಲ್ವಾ?’

‘ಹೌದು.’

‘ಗುರುವಾರ ಕೇಳಿದ್ದೆ ನಾನು.’

‘ಹೌದು.’

ಅವರು ಕುರ್ಚಿ ತಿರುಗಿಸಿ ಭಾವನ ಕಡೆ ಮಾತಾಡಿದರು, ನನ್ನ ಕಡೆಗಲ್ಲ. ಖಚಿತವಾಗಿ ಹೇಳಲಾಗುವುದಿಲ್ಲ, ಕ್ಯಾಪ್ಸೂಲಿನಿಂದಲೇ ಆಗಿರಬಹುದು, ಆಗಿರಲಿಕ್ಕಿಲ್ಲ. ರಕ್ತ ಏರಬೇಕು, ಲಿವರು ಚೇತರಿಸಿಕೊಳ್ಳಬೇಕು. ಅಷ್ಟರಲ್ಲಿ ಗಂಟು ಮತ್ತೆ ಬೆಳೆಯದಿದ್ದರೆ ಸಣ್ಣ ಪ್ರಮಾಣದಿಂದ ಶುರು ಮಾಡಬಹುದು. ‘ಇಷ್ಟು ದಿನ ಸುಮ್ನೆ ಹೋಯ್ತು’ ಎಂದರು.

ಆಗಸ್ಟ್ 27, ಮಂಗಳವಾರ

ಬೆಳಿಗ್ಗೆ ಲ್ಯಾಬಿಗೆ ಹೋಗಿ ಮೇಲಿನವರಿಗೆ ಹೇಳಿದೆ. ತಕ್ಕಡಿ ಬಾಗಿಲ ಹತ್ತಿರ ನಿಂತಿದ್ದಳು. ‘ಶನಿವಾರ ಅದಕ್ಕೇ ಫೋನ್ ಮಾಡಿದ್ದೆ’ ಎಂದಳು. ‘ಗೊತ್ತಿತ್ತಾ ನಿಂಗೆ?’ ಎಂದೆ. ‘ಅನುಮಾನ ಇತ್ತು. ನಾನೂ ಇನ್ನೊಂದು ಸಲ ತೂಗಿ ನೋಡೋಣ ಅಂತ ಕಾದೆ’ ಎಂದು ಅತ್ತುಬಿಟ್ಟಳು. ಅವಳನ್ನು ಸಮಾಧಾನ ಮಾಡುವ ಯೋಗ್ಯತೆ ನನಗಿರಲಿಲ್ಲ.

ಮಧ್ಯಾಹ್ನ ಅಕ್ಕನ ಹತ್ತಿರ ಹೋದೆ. ಭಾವ ಎಲ್ಲ ಹೇಳಿದ್ದರು. ಮುಖದ ಮಾಸ್ಕಿನ ಮೇಲೆ ಅವಳ ಕಣ್ಣು ಎರಡೇ ಕಾಣುತ್ತಿದ್ದವು.

‘ಕೆಲಸ ಹೋಗುತ್ತಾ?’

‘ಹೋಗಬಹುದು.’

‘ಮಾತ್ರೆ ಕೊಟ್ಟಿದ್ದಕ್ಕೆ ನಂಗೆ ಕೋಪ ಇಲ್ಲ ಕಣೋ. ಕೇಳಿದ್ದು ನಾನೇ. ನೀನು ಕೊಟ್ಟೇ ಕೊಡ್ತೀಯ ಅಂತ ಗೊತ್ತಿದ್ದೇ ಕೇಳಿದ್ದು.’

ನನಗೆ ಅಳು ಬಂತು. ಅವಳ ಕೈ ಹಿಡಿಯಲು ಹೋದೆ. ಅವಳು ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡಳು.

‘ಆದ್ರೆ ಅವತ್ತು ಡಾಕ್ಟ್ರು ಕೇಳಿದ್ರಲ್ಲ. ನಿನ್ನ ಕೆಲಸ ಉಳೀಲಿ ಅಂತ ಸುಳ್ಳು ಹೇಳೋಕೆ ನಂಗೆ ಒಂದು ಉಸಿರು ಸಾಕಾಯ್ತು. ನನ್ನ ಜೀವ ಉಳೀಲಿ ಅಂತ ನಿಜ ಹೇಳೋಕೆ ನಿಂಗೆ ನಾಲ್ಕು ದಿನ ಬೇಕಾಯ್ತಲ್ಲೋ.’

ಆಧಾರ ಸಿಗಲಿ ಅಂತ ಕಾಯ್ತಿದ್ದೆ ಅಕ್ಕ, ಎನ್ನಲು ಬಾಯಿ ತೆರೆದೆ. ಅವಳ ಕಣ್ಣು ನೋಡಿ ಮುಚ್ಚಿದೆ.

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಹೋಗು ಅನ್ನಲಿಲ್ಲ, ಇರು ಅನ್ನಲೂ ಇಲ್ಲ. ನರ್ಸು ಬಂದು ಎಬ್ಬಿಸುವ ತನಕ ಕುರ್ಚಿಯಲ್ಲೇ ಕೂತಿದ್ದೆ.